26 ಮೈಲಿ, ಮೇಲೆ 385 ಗಜ!

ಒಂದು ಪಂಥ ಕಟ್ಟೋಣವೇ?

ನಾನು ಐದು ಓಟಗಳ ಹೆಸರು ಹೇಳುತ್ತೇನೆ. ಅವುಗಳಲ್ಲಿ ಎಷ್ಟು ಮ್ಯಾರಥಾನ್ ಎಂದು ನೀವು ಹೇಳಬೇಕು. ಫೋನ್ ಮುಟ್ಟುವಂತಿಲ್ಲ!

ಮೊದಲನೆಯದು, 1896ರ ಅಥೆನ್ಸ್. ಆಧುನಿಕ ಒಲಿಂಪಿಕ್ಸ್‌ನ ಮೊಟ್ಟಮೊದಲ ಕೂಟ. ಮ್ಯಾರಥಾನ್ ಎಂಬ ಊರಿನಿಂದಲೇ ಹೊರಟು, ಅಥೆನ್ಸಿನ ಕ್ರೀಡಾಂಗಣಕ್ಕೆ ಎಲ್ಲರಿಗಿಂತ ಮೊದಲು ನುಗ್ಗಿದ ಸ್ಪಿರಿಡಾನ್ ಲೂಯಿಸ್‌ನ ಓಟ.

ಎರಡನೆಯದು, ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್. ಹೆಸರಲ್ಲೇ ಇದೆಯಲ್ಲ!

ಮೂರನೆಯದು, 1981ರ ನ್ಯೂಯಾರ್ಕ್. ಅಲ್ಬರ್ಟೊ ಸಲಝಾರ್ ವಿಶ್ವದಾಖಲೆ ಮುರಿದನೆಂದು ಇಡೀ ಜಗತ್ತು ಚಪ್ಪಾಳೆ ತಟ್ಟಿದ ದಿನ.

ನಾಲ್ಕನೆಯದು ನಮ್ಮ ಬೆಂಗಳೂರಿನದೇ. 2008ರಲ್ಲಿ ಶುರುವಾದ 10 ಕಿ.ಮೀ. ಓಟ. ಮನೆಮನೆಯಲ್ಲೂ 'ಬೆಂಗಳೂರು ಮ್ಯಾರಥಾನ್‌ಗೆ ಹೋಗಿದ್ದೆ' ಎಂದೇ ಹೇಳುತ್ತಾರಲ್ಲ, ಅದು.

ಐದನೆಯದು, 1908ರ ಲಂಡನ್ ಒಲಿಂಪಿಕ್ಸ್. ಮೊದಲು ಗುರಿ ಮುಟ್ಟಿದವನಿಗೆ ಪದಕವೇ ಸಿಗದೆ ಹೋದ ಓಟ!

ಎಣಿಸಿದಿರಾ? ಮೂರು ಎಂದಿರಾ? ನಾಲ್ಕು ಎಂದಿರಾ?

ಒಂದೇ ಒಂದು! ಐದನೆಯದು. ಅದೊಂದೇ!

ಮೊದಲ ಸಲ ಇದು ತಿಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಮ್ಯಾರಥಾನ್ ಎಂಬ ಊರಿನಿಂದಲೇ ಓಡಿದ್ದು ಮ್ಯಾರಥಾನ್ ಅಲ್ಲವಂತೆ! ಹೆಸರಿನಲ್ಲಿ ಮ್ಯಾರಥಾನ್ ಇದ್ದದ್ದೂ ಅಲ್ಲವಂತೆ! ಹಾಗಾದರೆ ಮ್ಯಾರಥಾನ್ ಅಂದರೆ ಏನು?

ಅದೊಂದು ಅಂಕಿ. ಅಷ್ಟೇ! 42.195 ಕಿಲೋಮೀಟರ್. ರಸ್ತೆಯ ಮೇಲೆ ಓಡಿ ಅಷ್ಟು ದೂರ ಮುಟ್ಟಿದರೆ ಮ್ಯಾರಥಾನ್. ಹತ್ತು ಹೆಜ್ಜೆ ಕಡಿಮೆಯಾದರೂ ಆ ಹೆಸರಿಲ್ಲ. ಅದರ ಅರ್ಧಕ್ಕೆ ಹಾಫ್ ಮ್ಯಾರಥಾನ್, 21.0975 ಕಿ.ಮೀ. ಪೂರ್ತಿ ಮ್ಯಾರಥಾನನ್ನು ಮೀರಿ ಎಷ್ಟೇ ಓಡಿದರೂ ಅದು ಅಲ್ಟ್ರಾ. ಮೊನ್ನೆ ನಮ್ಮ ಬಡಾವಣೆಯ ಹಾಲಿನ ಬೂತಿನ ಪಕ್ಕ ಒಂದು ಬ್ಯಾನರ್ ಕಟ್ಟಿದ್ದರು, '5 ಕಿ.ಮೀ. ಮ್ಯಾರಥಾನ್' ಅಂತ. ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿದ್ದವರಿಗೆಲ್ಲ ಈ ಕಥೆ ಹೇಳಲು ಶುರುಮಾಡಿದೆ. ಮುಗಿಯುವ ಹೊತ್ತಿಗೆ ಹಾಲು ಬಿಸಿಲಿಗೆ ಬೆಚ್ಚಗಾಗಿತ್ತು!

ಈಗ ಎರಡನೇ ಪ್ರಶ್ನೆ. ನಲವತ್ತಲ್ಲ, ನಲವತ್ತೆರಡೂ ಅಲ್ಲ, ನಲವತ್ತೆರಡರ ಮೇಲೆ 195 ಮೀಟರ್! ಇದನ್ನು ಯಾರು ಲೆಕ್ಕ ಹಾಕಿದರು? ಗ್ರೀಕರೇ? ವಿಜ್ಞಾನಿಗಳೇ? ವೈದ್ಯರೇ?

ಯಾರೂ ಅಲ್ಲ. ಒಂದು ಅರಮನೆ ಮತ್ತು ಒಂದು ಕುರ್ಚಿ!

1908ರ ಲಂಡನ್ ಓಟ ಶುರುವಾದದ್ದು ವಿಂಡ್ಸರ್ ಅರಮನೆಯ ಅಂಗಳದಿಂದ. ಅಲ್ಲಿಂದ ಕ್ರೀಡಾಂಗಣಕ್ಕೆ 26 ಮೈಲಿ. ಸರಿ, ಆದರೆ ಓಟ ಮುಗಿಯಬೇಕಾದದ್ದು ಎಲ್ಲಿ? ರಾಜಮನೆತನದವರು ಕೂರುವ ಆಸನದ ಎದುರು! ಹಾಗಾಗಿ ಕ್ರೀಡಾಂಗಣದ ಒಳಗೆ ಇನ್ನೂ 385 ಗಜ ಓಡಬೇಕಾಯಿತು. 26 ಮೈಲಿ 385 ಗಜ. ಕಿಲೋಮೀಟರಿಗೆ ತಿರುಗಿಸಿ ನೋಡಿ: 42.195!

ಆ 385 ಗಜದಲ್ಲಿ ನಡೆದದ್ದನ್ನು ಕೇಳಿ.

ಇಟಲಿಯ ಡೊರಾಂಡೊ ಪಿಯೆತ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣದ ಒಳಗೆ ಬಂದ. ಗೆದ್ದಂತೆಯೇ! ಆದರೆ ಅವನಿಗೆ ಆಗಲೇ ಮಂಪರು. ತಪ್ಪು ದಿಕ್ಕಿಗೆ ತಿರುಗಿದ. ಬಿದ್ದ. ಎದ್ದ. ಮತ್ತೆ ಬಿದ್ದ. ಮತ್ತೆ, ಮತ್ತೆ. ಆ 350 ಚಿಲ್ಲರೆ ಮೀಟರ್ ದಾಟಲು ಅವನಿಗೆ ಹತ್ತು ನಿಮಿಷದಷ್ಟು ಹಿಡಿಯಿತು! ಕರುಳು ಚುರ್ ಎಂದ ಅಧಿಕಾರಿಗಳು ಕೈ ಹಿಡಿದೆತ್ತಿದರು. ಗುರಿ ಮುಟ್ಟಿಸಿದರು. ಆ ಸಹಾಯವೇ ಮುಳುವಾಯಿತು. ಅಮೆರಿಕದ ಜಾನಿ ಹೇಯ್ಸ್ ಪಾಲಿಗೆ ಚಿನ್ನ ಹೋಯಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆತ್ರಿಗೆ ಬೆಳ್ಳಿಯ ಬಟ್ಟಲೊಂದನ್ನು ಕೊಟ್ಟರು.

ಯೋಚಿಸಿ ನೋಡಿ! 26 ಮೈಲಿಗೆ ಗೆರೆ ಎಳೆದಿದ್ದರೆ ಚಿನ್ನ ಪಿಯೆತ್ರಿಯದು. ಅವನನ್ನು ಕೆಡವಿದ ಆ 385 ಗಜವೇ, ಹದಿಮೂರು ವರ್ಷ ಕಳೆದು, 1921ರಲ್ಲಿ ಇಡೀ ಜಗತ್ತಿಗೆ ನಿಯಮವಾಯಿತು. ಇವತ್ತು ಮುಂಬೈಯಲ್ಲಿ ಓಡುವವರೂ ಬರ್ಲಿನ್‌ನಲ್ಲಿ ಓಡುವವರೂ ಆ ಆಸನದ ಎದುರಿಗೇ ಓಡಿ ಮುಟ್ಟುತ್ತಿದ್ದಾರೆ!

ಅದಕ್ಕೂ ಮೊದಲು ಅಳತೆಗೆ ಹೇಳುವವರು ಕೇಳುವವರು ಇರಲಿಲ್ಲ. 1896ರಲ್ಲಿ ಸುಮಾರು 40 ಕಿ.ಮೀ. 1912ರ ಸ್ಟಾಕ್‌ಹೋಮ್‌ನಲ್ಲಿ 40.2. ಊರಿಗೊಂದು ಮ್ಯಾರಥಾನ್!

ಈಗ ಸ್ವಲ್ಪ ಸರಿಯಾಗಿ ಕುಳಿತುಕೊಳ್ಳಿ. ಮುಂದಿನದು ನಮ್ಮವರ ಸುದ್ದಿ.

1920, ಬೆಲ್ಜಿಯಂನ ಆ್ಯಂಟ್‌ವರ್ಪ್. ಒಲಿಂಪಿಕ್ಸ್‌ನ ಇಡೀ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್ ನಡೆದದ್ದು ಅಲ್ಲಿ. 42.75 ಕಿಲೋಮೀಟರ್! ಇವತ್ತಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಗೆದ್ದವನು ಫಿನ್ಲೆಂಡಿನ ಹ್ಯಾನೆಸ್ ಕೊಲೆಹ್ಮೈನೆನ್. ಇರಲಿ. ಹತ್ತೊಂಬತ್ತನೆಯವರಾಗಿ ಬಂದವರು ಯಾರು ಗೊತ್ತೇ?

ಬೆಳಗಾವಿಯವರು! ಫಡೆಪ್ಪ ದರೆಪ್ಪ ಚೌಗುಲೆ!

ಹೌದು, ನಮ್ಮ ಬೆಳಗಾವಿ. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಊರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲ ರೈತರು ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾಗಿದ್ದರು. ಇವರು ಯುರೋಪಿನವರಿಗೆ ಸಮಸಮ ಓಡುತ್ತಾರಲ್ಲ ಎಂದುಕೊಂಡು, ಭಾರತದ ತಂಡವೊಂದು ಒಲಿಂಪಿಕ್ಸ್‌ಗೆ ಹೋಗಲೇಬೇಕೆಂದು ಕೈಯಿಂದ ಹಣ ಹಾಕಿ ನಿಂತರು. ಆ ತಂಡದಲ್ಲಿ ಚೌಗುಲೆ. ಅವರ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು.

'ಹತ್ತೊಂಬತ್ತನೆಯ ಸ್ಥಾನ ತಾನೇ' ಎಂದಿರಾ? ತಡೆಯಿರಿ!

ಪೆನ್ನು ತೆಗೆದುಕೊಳ್ಳಿ. ಒಂದು ಸಣ್ಣ ಲೆಕ್ಕ ಮಾಡೋಣ. ಮೊದಲ ಒಲಿಂಪಿಕ್ ವೀರ ಸ್ಪಿರಿಡಾನ್ ಲೂಯಿಸ್ ಸುಮಾರು 40 ಕಿ.ಮೀ. ಓಡಲು ತೆಗೆದುಕೊಂಡದ್ದು 2 ಗಂಟೆ 58 ನಿಮಿಷ 50 ಸೆಕೆಂಡು. ಗ್ರೀಸ್ ದೇಶ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ನಮ್ಮ ಚೌಗುಲೆ ಓಡಿದ್ದು ಅವನಿಗಿಂತ ಎರಡು ಮುಕ್ಕಾಲು ಕಿಲೋಮೀಟರ್ ಹೆಚ್ಚು. ಆದರೂ ಎಂಟು ನಿಮಿಷ ಮೊದಲೇ ಮುಗಿಸಿದ್ದರು!

ಎಂಟು ನಿಮಿಷ! ಹೆಚ್ಚು ದೂರ, ಕಡಿಮೆ ಹೊತ್ತು!

ಲೂಯಿಸ್ ಅದೇ ವೇಗದಲ್ಲಿ 42.195 ಕಿ.ಮೀ. ಓಡಿದ್ದರೆ ಅವನಿಗೆ ಮೂರು ಗಂಟೆ ಎಂಟು ನಿಮಿಷ ದಾಟುತ್ತಿತ್ತು. ಚೌಗುಲೆಯವರಿಗೆ 2 ಗಂಟೆ 48 ನಿಮಿಷದ ಆಚೀಚೆ. ಇಪ್ಪತ್ತು ನಿಮಿಷದ ಅಂತರ! ಇಬ್ಬರ ಹೆಸರಿನ ಮುಂದೆಯೂ ದಾಖಲೆ ಪುಸ್ತಕದಲ್ಲಿ 'ಮ್ಯಾರಥಾನ್' ಎಂದೇ ಇದೆ. ಇಬ್ಬರು ಓಡಿದ್ದೂ ಇವತ್ತಿನ ಮ್ಯಾರಥಾನ್ ಅಲ್ಲ. ಒಬ್ಬನದು ಕುಳ್ಳ, ಇನ್ನೊಬ್ಬರದು ಉದ್ದ. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾವಿಯ ಪ್ರತಿ ಶಾಲೆಯ ಗೋಡೆಯ ಮೇಲೂ ಈ ಎಂಟು ನಿಮಿಷ ಬರೆದಿರಬೇಕಿತ್ತು!

ಸರಿ. ಅಂಕಿಯೇ ಸರ್ವಸ್ವ ಎಂದಾದರೆ ಮೂರನೇ ಪ್ರಶ್ನೆ ಬಂತು ನೋಡಿ. ಊರ ತುಂಬ ತಿರುವು, ಸೇತುವೆ, ವೃತ್ತಗಳಿರುವ ರಸ್ತೆಯಲ್ಲಿ 42 ಕಿಲೋಮೀಟರ್ 195 ಮೀಟರನ್ನು ಅಳೆಯುವುದು ಹೇಗೆ? ಕಾರಿನ ಮೀಟರಿನಿಂದಲೇ? ಉಪಗ್ರಹದಿಂದಲೇ?

ಊಹಿಸಿ. ಇನ್ನೊಂದು ಸಲ ಊಹಿಸಿ.

ಸೈಕಲ್!

ನಿಜವಾಗಿಯೂ ಸೈಕಲ್! ಇವತ್ತಿಗೂ! ಉಪಗ್ರಹಗಳು ತಲೆಯ ಮೇಲೆ ಸುತ್ತುತ್ತಿರುವ ಈ ಕಾಲದಲ್ಲೂ, ವಿಶ್ವದಾಖಲೆ ಆಗಬೇಕಾದ ರಸ್ತೆಯನ್ನು ಅಧಿಕೃತವಾಗಿ ಅಳೆಯುವುದು ಸೈಕಲ್ ತುಳಿದೇ. ಇಂಗ್ಲೆಂಡಿನ ಜಾನ್ ಜ್ಯುವೆಲ್ 1961ರಲ್ಲಿ ಈ ವಿಧಾನವನ್ನು ಬರೆದಿಟ್ಟರು. 1952ರ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ್ದ ಅಮೆರಿಕದ ಟೆಡ್ ಕಾರ್ಬಿಟ್ ಅದನ್ನು ತಮ್ಮ ದೇಶದಲ್ಲಿ ಬೇರೂರಿಸಿದರು.

ಸೈಕಲ್ಲಿನ ಮುಂದಿನ ಚಕ್ರದ ನಡುವೆ ಮುಷ್ಟಿಯೊಳಗೆ ಹಿಡಿಯುವಂಥ ಒಂದು ಪುಟ್ಟ ಯಂತ್ರ. ಹೆಸರು ಜೋನ್ಸ್ ಕೌಂಟರ್. ಚಕ್ರ ತಿರುಗಿದಂತೆ ಟಕಟಕ ಅಂಕಿ ಏರುತ್ತದೆ. ಹಳೆಯ ಮಾದರಿಯಲ್ಲಿ ಒಂದು ಸುತ್ತಿಗೆ 20 ಎಣಿಕೆ. ಅಂದರೆ ಒಂದೊಂದು ಎಣಿಕೆಗೂ ಹತ್ತು ಸೆಂಟಿಮೀಟರಿನ ಆಸುಪಾಸು. ಅರ್ಧ ಗೇಣು! ಇಡೀ ಮ್ಯಾರಥಾನಿಗೆ ಚಕ್ರ ಎಷ್ಟು ಸುತ್ತು ತಿರುಗಬೇಕು ಹೇಳಿ? ಸುಮಾರು 20 ಸಾವಿರ! ಎಣಿಕೆ? ನಾಲ್ಕು ಲಕ್ಷ!

ಇನ್ನೂ ಇದೆ. ಸೈಕಲ್ ಹತ್ತುವ ಮೊದಲು ನೇರವಾದ ರಸ್ತೆಯಲ್ಲಿ ಉಕ್ಕಿನ ಟೇಪು ಎಳೆದು 300 ಮೀಟರಿಗೆ ಕಡಿಮೆಯಿಲ್ಲದಂತೆ ಅಳೆಯಬೇಕು. ಉಕ್ಕು ಬಿಸಿಲಿಗೆ ಹಿಗ್ಗುತ್ತದಲ್ಲ, ಅದಕ್ಕೂ ಲೆಕ್ಕ! ಆ ದೂರವನ್ನು ನಾಲ್ಕು ಸಲ ತುಳಿದು, ಕೌಂಟರ್ ಎಷ್ಟು ಎಣಿಸಿತೆಂದು ಬರೆದುಕೊಳ್ಳಬೇಕು. ಆಮೇಲೆ ಓಟದ ದಾರಿ. ಅದು ಮುಗಿದ ಮೇಲೆ ವಾಪಸು ಬಂದು ಅದೇ ತುಂಡನ್ನು ಮತ್ತೆ ನಾಲ್ಕು ಸಲ ತುಳಿಯಬೇಕು! ಏಕೆ? ಬೆಳಗಿನ ಚಳಿಯಲ್ಲಿ ಕುಗ್ಗಿದ್ದ ಟಯರು ಬಿಸಿಲೇರಿದಂತೆ ಉಬ್ಬಿರುತ್ತದೆ. ಟಯರಿನೊಳಗಿನ ಗಾಳಿ ಬಿಸಿಯಾದರೆ ಮ್ಯಾರಥಾನಿನ ಉದ್ದವೇ ಬದಲಾಗುತ್ತದೆ ಅಂದರೆ ನಂಬುತ್ತೀರಾ!

ಸೈಕಲ್ ಹೋಗುವ ದಾರಿಯೂ ಮಜವಾದದ್ದು. ತಿರುವಿನಲ್ಲಿ ರಸ್ತೆಯಂಚಿನ ಕಲ್ಲಿಗೆ ಬರೀ 30 ಸೆಂಟಿಮೀಟರ್ ಬಿಟ್ಟು, ಒಳಮೈಗೆ ಅಂಟಿಕೊಂಡೇ ಹೋಗಬೇಕು. ಒಬ್ಬ ಓಟಗಾರ ಹೋಗಬಹುದಾದ ಅತಿ ಹತ್ತಿರದ ದಾರಿ ಯಾವುದೋ, ಅದೇ ದಾರಿ. ವಾಹನಗಳಿಗೆ ಎದುರಾಗಿ ಹೋಗಬೇಕಾದ ಕಡೆ ಪೊಲೀಸರ ಕಾವಲು ಬೇಕಾಗುತ್ತದೆ. ನಸುಕಿನಲ್ಲಿ, ಊರು ಮಲಗಿರುವಾಗ, ಒಬ್ಬ ಮನುಷ್ಯ ಅರ್ಧರ್ಧ ಗೇಣು ಎಣಿಸುತ್ತ ಸೈಕಲ್ ತುಳಿಯುತ್ತಿರುವ ಚಿತ್ರವನ್ನು ಕಣ್ಣಿಗೆ ತಂದುಕೊಳ್ಳಿ. ಅದಕ್ಕಿಂತ ಚೆಂದದ ದೃಶ್ಯ ಕ್ರೀಡೆಯಲ್ಲಿ ಇನ್ನೊಂದಿಲ್ಲ!

ಇಷ್ಟಾದರೂ ಅಳೆಯುವವರಿಗೆ ಸಮಾಧಾನವಿಲ್ಲ. ಒಂದು ವೇಳೆ ಕಡಿಮೆ ಬಿದ್ದರೆ? ಹಾಗಾಗಿ ಸಾವಿರಕ್ಕೆ ಒಂದರಂತೆ ಬೇಕೆಂದೇ ಹೆಚ್ಚು ಸೇರಿಸುತ್ತಾರೆ. ಕಿಲೋಮೀಟರಿಗೆ ಒಂದು ಮೀಟರ್. ಒಟ್ಟು 42 ಮೀಟರ್! ಅಂದರೆ ಕ್ರಮವಾಗಿ ಅಳೆದ ಯಾವ ಮ್ಯಾರಥಾನನ್ನೇ ನೀವು ಓಡಿ, ಆ ನಲವತ್ತೆರಡು ಮೀಟರ್ ನಿಮಗೆ ಬೋನಸ್! ಮೇಲಾಗಿ ಸಾವಿರಾರು ಜನರ ಗುಂಪಿನಲ್ಲಿ ಯಾರಿಗೂ ಒಳಮೈಗೆ ಅಂಟಿಕೊಂಡು ಓಡಲು ಆಗುವುದಿಲ್ಲ. ಕೈಗಡಿಯಾರ ಮೊದಲೇ 'ಮುಗಿಯಿತು' ಎಂದು ಬೀಪ್ ಎನ್ನುತ್ತದೆ, ಗೆರೆ ಇನ್ನೂ ದೂರದಲ್ಲಿ ಕಾಣುತ್ತಿರುತ್ತದೆ. ಓಡಿದವರೆಲ್ಲ ಬೈದುಕೊಳ್ಳುವ ಆ ಕ್ಷಣದ ಗುಟ್ಟು ಇದೇ!

ಒಂದೆರಡು ಮೀಟರಿಗೆ ಇಷ್ಟು ರಗಳೆ ಬೇಕೇ ಎನಿಸಿತೇ?

ಹಾಗಾದರೆ ಸಲಝಾರ್ ಕಥೆ ಕೇಳಿ. 1981ರ ನ್ಯೂಯಾರ್ಕ್‌ನಲ್ಲಿ ಅವನು 2 ಗಂಟೆ 8 ನಿಮಿಷ 13 ಸೆಕೆಂಡಿಗೆ ಗುರಿ ಮುಟ್ಟಿದ. ಹನ್ನೆರಡು ವರ್ಷದಿಂದ ಅಲುಗಾಡದ ಡೆರೆಕ್ ಕ್ಲೇಟನ್‌ನ ದಾಖಲೆಗಿಂತ 20 ಸೆಕೆಂಡು ಮುಂದೆ! ಆಮೇಲೆ ಆ ರಸ್ತೆಯನ್ನು ಮತ್ತೆ ಅಳೆದರು. 148 ಮೀಟರ್ ಕಡಿಮೆ!

ಅವನ ವೇಗದಲ್ಲಿ 148 ಮೀಟರ್ ಓಡಲು ಎಷ್ಟು ಹೊತ್ತು ಬೇಕು? ನಾನು ಲೆಕ್ಕ ಹಾಕಿದೆ. 27 ಸೆಕೆಂಡು! ಮುರಿದದ್ದು ಇಪ್ಪತ್ತು, ಕಾಣೆಯಾದದ್ದು ಇಪ್ಪತ್ತೇಳು. ವಿಶ್ವದಾಖಲೆ ಹೋಯಿತು. ಇನ್ನೂ ಒಂದು ಸೋಜಿಗ ಕೇಳಿ: ಕ್ಲೇಟನ್ ದಾಖಲೆ ಮಾಡಿದ್ದ 1969ರ ರಸ್ತೆಯೂ ಗಿಡ್ಡವೇ ಇತ್ತೆಂಬ ಅನುಮಾನ ಇವತ್ತಿಗೂ ಇದೆ. ಆ ಊರು ಯಾವುದು? ಆ್ಯಂಟ್‌ವರ್ಪ್! ಚೌಗುಲೆಯವರನ್ನು ಅರ್ಧ ಕಿಲೋಮೀಟರ್ ಹೆಚ್ಚು ಓಡಿಸಿದ ಅದೇ ಆ್ಯಂಟ್‌ವರ್ಪ್!

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 2013ರಿಂದ 2015ರವರೆಗೆ ಮೂರು ವರ್ಷ ಮ್ಯಾರಥಾನ್ ನಡೆಯಿತು. 2016ರಲ್ಲಿ ಗೊತ್ತಾಯಿತು, ದಾರಿ 380 ಮೀಟರ್ ಕಡಿಮೆ. ಮೂರೂ ವರ್ಷ! ಇಪ್ಪತ್ನಾಲ್ಕು ಸಾವಿರದಷ್ಟು ಜನ ಒಂದು ಬೆಳಿಗ್ಗೆ ಎದ್ದು, ತಾವು ಮ್ಯಾರಥಾನ್ ಓಡಿಯೇ ಇಲ್ಲ ಎಂದು ಓದಬೇಕಾಯಿತು. ಪದಕ ಗೋಡೆಯ ಮೇಲೆ ತೂಗುತ್ತಿದೆ, ಓಟ ಮಾತ್ರ ಮುಗಿದಿಲ್ಲ! ಬ್ಯಾಂಕಾಕ್‌ನಲ್ಲಿ ಇದಕ್ಕೆ ತದ್ವಿರುದ್ಧ. 2015ರಲ್ಲಿ ಅಲ್ಲಿ 21 ಕಿಲೋಮೀಟರಿನ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟವರು ಆಯೋಜಕರ ಎಡವಟ್ಟಿನಿಂದ ಓಡಿದ್ದು 27 ಕಿಲೋಮೀಟರ್!

ದೂರ ಸರಿಯಾಗಿದ್ದರೂ ದಾಖಲೆ ಸಿಗದ ಓಟಗಳಿವೆ, ಗೊತ್ತೇ? 1897ರಿಂದ ನಡೆಯುತ್ತಿರುವ ಬಾಸ್ಟನ್ ಮ್ಯಾರಥಾನ್ ನೋಡಿ. 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿಗೆ ಮುಗಿಸಿದ. ಆಗಿನ ವಿಶ್ವದಾಖಲೆಗಿಂತ 57 ಸೆಕೆಂಡು ವೇಗ! ಆದರೆ ದಾಖಲೆ ಕೊಡಲಿಲ್ಲ. ಬಾಸ್ಟನ್ ದಾರಿ ಒಟ್ಟಾರೆ ಇಳಿಜಾರು, ಸುಮಾರು 140 ಮೀಟರ್. ನಿಯಮ ಒಪ್ಪುವ ಇಳಿಜಾರು ಎಷ್ಟು? ಸಾವಿರಕ್ಕೆ ಒಂದು. ಅಂದರೆ ಮತ್ತೆ ಅದೇ 42 ಮೀಟರ್! 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್‌ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿಗೆ 42.195 ಮುಟ್ಟಿದಾಗ ನಾನು ಟೀವಿ ಮುಂದೆ ಕಿರುಚಿದ್ದೆ. ಅದೂ ದಾಖಲೆಯಲ್ಲ. ಮುಂದೆ ಮುಂದೆ ಓಡಿ ದಾರಿ ತೋರುವ ಓಟಗಾರರು ಪಾಳಿಯ ಮೇಲೆ ಬಂದು ಸೇರಿಕೊಳ್ಳುತ್ತಿದ್ದರು. ಅದಕ್ಕೆ ನಿಯಮದ ಒಪ್ಪಿಗೆಯಿಲ್ಲ.

ಇನ್ನು ಕಾಮ್ರೇಡ್ಸ್. ಹೆಸರು ಮ್ಯಾರಥಾನ್. ಉದ್ದ ಎಷ್ಟಿರಬಹುದು?

ಸುಮಾರು 90 ಕಿಲೋಮೀಟರ್! ಎರಡು ಮ್ಯಾರಥಾನ್ ಮುಗಿದ ಮೇಲೂ ಉಳಿದಿರುತ್ತದೆ! ಮೊದಲ ಮಹಾಯುದ್ಧದಲ್ಲಿ ಸತ್ತ ಒಡನಾಡಿಗಳ ನೆನಪಿಗೆ ವಿಕ್ ಕ್ಲಾಫಮ್ ಎಂಬ ಮಾಜಿ ಸೈನಿಕ ಶುರುಮಾಡಿದ ಓಟ. ಒಂದು ವರ್ಷ ಡರ್ಬನ್‌ನಿಂದ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಏರುದಾರಿ, ಮತ್ತೊಂದು ವರ್ಷ ಅಲ್ಲಿಂದ ಇಳಿದಾರಿ. ಶುರುವಾದ ವರ್ಷ ಯಾವುದು? 1921! ಜಗತ್ತು 'ಮ್ಯಾರಥಾನ್ ಅಂದರೆ 42.195' ಎಂದು ಗಂಟು ಹಾಕಿದ ಅದೇ ವರ್ಷ!

ಹನ್ನೆರಡು ಗಂಟೆಯ ಗಡುವು. ಗಡುವು ಮುಗಿಯುವ ಹೊತ್ತಿಗೆ ಒಬ್ಬ ಅಧಿಕಾರಿ ಕೈಯಲ್ಲಿ ಪಿಸ್ತೂಲು ಹಿಡಿದು ಗೆರೆಯ ಬಳಿ ಬಂದು ನಿಲ್ಲುತ್ತಾನೆ. ಓಡಿ ಬರುತ್ತಿರುವವರಿಗೆ ಬೆನ್ನು ಹಾಕಿ! ಯಾರು ಎಷ್ಟು ಹತ್ತಿರ ಬಂದಿದ್ದಾರೆಂದು ಕಂಡರೆ ಕೈ ತಡೆದೀತು ಎಂದು. ಢಂ! ಅಲ್ಲಿಗೆ ಮುಗಿಯಿತು. ಒಂದು ಹೆಜ್ಜೆ ಹಿಂದಿದ್ದವನಿಗೂ ಪದಕವಿಲ್ಲ.

ಇದೆಲ್ಲದರ ಹಿಂದೆ ಆ ಗ್ರೀಕ್ ದೂತನ ಕಥೆ ಇದೆಯಲ್ಲ. ಮ್ಯಾರಥಾನ್ ಯುದ್ಧದಿಂದ ಅಥೆನ್ಸ್‌ಗೆ ಓಡಿ, 'ಗೆದ್ದೆವು' ಎಂದು ಹೇಳಿ ಪ್ರಾಣ ಬಿಟ್ಟ ಫಿಡಿಪ್ಪಿಡಿಸ್. ಆ ಯುದ್ಧದ ಇತಿಹಾಸ ಬರೆದ ಹೆರೊಡೋಟಸ್‌ನ ಪುಸ್ತಕದಲ್ಲಿ ಈ ಓಟವೇ ಇಲ್ಲ! ಅಲ್ಲಿರುವ ಓಟ ಬೇರೆ. ಸಹಾಯ ಕೇಳಲು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ! ಇವತ್ತು ಆ ದಾರಿಯ ಮೇಲೆ ಸ್ಪಾರ್ಟಥ್ಲಾನ್ ಎಂಬ ಓಟ ನಡೆಯುತ್ತದೆ. 246 ಕಿಲೋಮೀಟರ್! ಮೂಲ ಕಥೆಗೆ ನಿಷ್ಠರಾಗಿದ್ದಿದ್ದರೆ ಒಲಿಂಪಿಕ್ಸ್‌ನಲ್ಲಿ ಓಡಬೇಕಾಗಿದ್ದದ್ದು ಅಷ್ಟು!

ಕೊನೆಯದೊಂದು ಪ್ರಶ್ನೆ. ಇದನ್ನು ಇಷ್ಟು ಹೊತ್ತು ಮುಚ್ಚಿಟ್ಟುಕೊಂಡಿದ್ದೆ.

ವಾಕಥಾನ್, ಹ್ಯಾಕಥಾನ್ ಎಂದೆಲ್ಲ 'ಥಾನ್' ಹಚ್ಚುತ್ತೇವಲ್ಲ, ಅದಕ್ಕೆ ಓಟ ಎಂದಾಗಲಿ ಉದ್ದ ಎಂದಾಗಲಿ ಅರ್ಥವಿಲ್ಲ. ಅದು ಊರ ಹೆಸರಿನ ಬಾಲ. ಹಾಗಾದರೆ ಆ ಊರಿಗೆ ಮ್ಯಾರಥಾನ್ ಎಂಬ ಹೆಸರು ಏಕೆ ಬಂತು?

ಅಲ್ಲಿ ಒಂದು ಗಿಡ ಹೇರಳವಾಗಿ ಬೆಳೆಯುತ್ತಿತ್ತು. ಹಳೆಯ ಗ್ರೀಕ್‌ನಲ್ಲಿ 'ಮಾರಥಾನ್' ಎಂದರೆ ಆ ಗಿಡ. ಗ್ರೀಸ್‌ನ ಮೈಸಿನಿಯಲ್ಲಿ ಸಿಕ್ಕ, 3,000 ವರ್ಷಕ್ಕೂ ಹಳೆಯ ಮಣ್ಣಿನ ಫಲಕಗಳ ಮೇಲೆ ಉಗ್ರಾಣದ ಲೆಕ್ಕ ಬರೆದಿಟ್ಟಿದ್ದಾರೆ. ಕೊತ್ತಂಬರಿ ಬೀಜ ಇಷ್ಟು, ಜೀರಿಗೆ ಇಷ್ಟು, ಎಳ್ಳು ಇಷ್ಟು. ಅದೇ ಸಾಲಿನಲ್ಲಿ ಈ ಹೆಸರೂ ಇದೆ! ಓದಿದ ತಕ್ಷಣ ಅಡುಗೆಮನೆಗೆ ಓಡಿದೆ. ಮಸಾಲೆ ಡಬ್ಬಿಯ ಮುಚ್ಚಳ ತೆಗೆದೆ. ಕೊತ್ತಂಬರಿ ಇತ್ತು, ಜೀರಿಗೆ ಇತ್ತು. ಪಕ್ಕದ ಪುಟ್ಟ ಬಟ್ಟಲಿನಲ್ಲಿ ಅದೂ ಇತ್ತು. ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ತಟ್ಟೆಯಲ್ಲಿ ಬರುತ್ತದಲ್ಲ, ಹಸಿರು ಬಣ್ಣದ್ದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಎದ್ದು ಬರುತ್ತೀರಲ್ಲ, ಅದೇ!

ಸೋಂಪು!